ನಗಿಸುತ್ತಾ ಕರೆದುಕೊಂಡು ಬಾ

ಭಾವನನ್ನು ಕಂಡ ಕೂಡಲೇ ಏನು ಹೇಳಿ ನಗಿಸಬೇಕು ಎಂದು ಬುರುಲ್ ಬೆಳಗಿನಿಂದ ನಾಲ್ಕಾರು ಮಾತು ಕಟ್ಟಿಟ್ಟುಕೊಂಡಿದ್ದಳು. ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು, ಉತ್ತರದ ಚಳಿಗೆ ಸುಟ್ಟು ಕಪ್ಪಾದ ಮುಖದ ತಲಾಯ್ ಹೊರಗೆ ಬಂದಾಗ ಅವುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಇವನು ಇಷ್ಟು ಕುಳ್ಳಗಿದ್ದನೇ ಎಂದುಕೊಂಡಳು. ಚಳಿಗಾಲವೆಲ್ಲ ಅವಳ ತಲೆಯಲ್ಲಿ ಓಡಾಡಿಕೊಂಡಿದ್ದ ಮನುಷ್ಯ ಇನ್ನೂ ಎತ್ತರದವನು, ಇಷ್ಟು ಅಗಲವಾದ ಕಿವಿಗಳಿಲ್ಲದವನು. ಅವನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಜನರ ನಡುವೆ ಯಾರನ್ನೋ ಹುಡುಕಿದ. ಅವಳನ್ನಲ್ಲ. ಅವಳ ತಲೆಯ ಮೇಲೆ, ಅವಳ ಹಿಂದೆ. ಆ ನೋಟ ತನ್ನನ್ನು ದಾಟಿ ಹೋದದ್ದಕ್ಕೆ ತನಗೇಕೆ ಬೇಸರವಾಗಬೇಕೆಂದು ಅವಳಿಗೆ ತಿಳಿಯಲಿಲ್ಲ. ಆಗ ಬಾಯಿ ತಾನೇ ತಾನಾಗಿ ಕೆಲಸ ಶುರುಮಾಡಿತು.

"ಏನು ಭಾವ, ಅಲ್ಲೇ ಒಂದು ಹಿಮಕರಡೀನ ಮದುವೆ ಆಗಿ ಬರ್ತೀರೇನೋ ಅಂದ್ಕೊಂಡಿದ್ದೆ."

"ಕೇಳಿದೆ ಕಣೇ. ನಾದಿನಿ ಎಂಥೋಳು ಅಂತ ವಿಚಾರಿಸ್ಕೊಂಡು ಬೇಡ ಅಂದ್ಬಿಡ್ತು."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವನು ಕೇಳಿದ, "ಉಲ್ಕಾನ್ ಬರಲಿಲ್ವಾ?"

"ಊರೆಲ್ಲಾ ಬರುತ್ತಲ್ಲ ನಿಮ್ಮನ್ನ ನೋಡೋಕೆ. ಮನೇಲಿ ಬೋರ್ಸೋಕ್ ಕರೀತಾ ಇದಾರೆ," ಎಂದಳು ಬುರುಲ್. ಅದು ಅರ್ಧ ಸುಳ್ಳು. ಮನೆಯಲ್ಲಿ ಹೆಂಗಸರು ಹಿಟ್ಟು ನಾದಿ ಬೋರ್ಸೋಕ್ ಕರಿಯುತ್ತಿರುವುದು ನಿಜ. ಕಾದ ಎಣ್ಣೆಯ ಆ ವಾಸನೆ ಉಲ್ಕಾನಳಿಗೆ ತಲುಪಲಿ ಎಂದು ಕರಿಯುತ್ತಿದ್ದರು, ಏಕೆಂದರೆ ಸತ್ತವರಿಗೆ ತಲುಪುವುದು ವಾಸನೆ ಮಾತ್ರ.

ಅಕ್ಕ ಸತ್ತದ್ದು ಆಲೂಗಡ್ಡೆ ಅಗೆಯುವ ಹೊತ್ತಿನಲ್ಲಿ. ರಾಶಿಯ ಪಕ್ಕದಲ್ಲಿ ಬಕೆಟ್ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದವಳು ಹಾಗೆಯೇ ಕುಸಿದಳು. ನಾರಿನ್ ಪಟ್ಟಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಅವಳ ಗಂಡ ತಲಾಯ್ ರಷ್ಯಾದ ಉತ್ತರದ ತುದಿಯಲ್ಲಿ, ಹಿಮ ಬಿದ್ದರೆ ದಾರಿಯೇ ಮುಚ್ಚಿಹೋಗುವ ಒಂದು ಅನಿಲದ ಬಾವಿಯ ಕೆಲಸಕ್ಕೆ ಹೋಗಿ ಸೇರಿಕೊಂಡಾಗಿತ್ತು. ವಸಂತದ ತನಕ ಅಲ್ಲಿಂದ ಯಾರೂ ಹೊರಗೆ ಬರುವ ಹಾಗಿಲ್ಲ. ಮಣ್ಣು ಮಾಡಿ ಬಂದ ಸಂಜೆ ತಲಾಯ್‌ನ ದೊಡ್ಡಪ್ಪ ಇಮಾನಾಲಿ ಎಲ್ಲರನ್ನೂ ಕೂರಿಸಿ ಹೇಳಿದ್ದ: ದೂರದಲ್ಲಿ ಒಂಟಿಯಾಗಿರೋನ ಕಿವಿಗೆ ಸಾವು ಹಾಕಬಾರದು, ಅಳೋನನ್ನ ಹಿಡ್ಕೊಳ್ಳೋಕೆ ನಾಲ್ಕು ಕೈ ಬೇಕು, ಅವನು ಬಂದು ಮನೆ ಬಾಗಿಲಲ್ಲಿ ನಿಂತಾಗಲೇ ತಿಳೀಬೇಕು. ಊರಿನವರ ಫೋನಿನ ಗುಂಪುಗಳಲ್ಲಿ ಯಾರೂ ಸತ್ತವರಿಗಾಗಿ ಪ್ರಾರ್ಥಿಸುವ, ಅಂಗೈ ಬಿಚ್ಚಿದ ಚಿತ್ರ ಹಾಕಕೂಡದು ಎಂದು ತಾಕೀತಾಯಿತು. ಅಚ್ಚರಿಯೆಂದರೆ ಯಾರೂ ಹಾಕಲಿಲ್ಲ. ಮದುವೆಯಾಗಿ ಒಂದೇ ಚಳಿಗಾಲಕ್ಕೆ ಗಂಡನ ಮನೆಯಿಂದ ವಾಪಸ್ಸು ಬಂದ ಬುರುಲ್ ಬಗ್ಗೆ ತಿಂಗಳಾನುಗಟ್ಟಲೆ ಆಡಿಕೊಂಡ ಊರು ಅದು. ಮನಸ್ಸು ಮಾಡಿದರೆ ಬಾಯಿಗೆ ಬೀಗ ಹಾಕಿಕೊಳ್ಳಬಲ್ಲದು ಎಂದು ಬುರುಲ್‌ಗೆ ಅಂದೇ ಗೊತ್ತಾದದ್ದು. ಆಮೇಲೆ ಇಮಾನಾಲಿ ಅಕ್ಕನ ಫೋನನ್ನು ಅವಳ ಮಡಿಲಿಗೆ ಹಾಕಿದ. "ನೀನು ಓದಿದೋಳು, ಅಕ್ಕನ ಮಾತು ನಿಂಗೆ ಗೊತ್ತು. ವಾರಕ್ಕೆ ಎರಡು ಸಾಲು ಬರೀತಾ ಇರು. ಜಾಸ್ತಿ ಬೇಡ."

ಜಾಸ್ತಿ ಬೇಡ ಎಂದಿದ್ದ.

ಶಾರ್ಶೆನ್‌ನ ಬಾಡಿಗೆ ಕಾರಿನಲ್ಲಿ ತಲಾಯ್ ಮುಂದೆ ಕೂತ. ಹಿಂದೆ ಬುರುಲ್ ಮತ್ತು ನಾರಿನ್‌ಗೆ ಹೋಗುವ ಒಬ್ಬ ಮುದುಕಿ. ಮುಂದೆ ಕೂತರೆ ರಸ್ತೆ ಕಾಣುತ್ತದೆ, ರಸ್ತೆ ಕಂಡರೆ ಜೀವ ಹೋಗುತ್ತದೆ ಎಂದು ಮುದುಕಿ ತಾನಾಗಿಯೇ ಹಿಂದೆ ಸೇರಿಕೊಂಡು, ಒಣಮೊಸರಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಬುರುಲ್‌ಳ ಅಂಗೈಗೆ ತುರುಕಿದಳು. ಪಟ್ಟಣ ಕಳೆದು ಕಣಿವೆ ಶುರುವಾಯಿತು. ಶಾರ್ಶೆನ್ ಬಾಯಿ ಬಿಟ್ಟಾಗಲೆಲ್ಲ ಬುರುಲ್ ಅವನ ಮಾತನ್ನು ಅರ್ಧಕ್ಕೇ ತಡೆಯಲು ಸಿದ್ಧಳಾಗುತ್ತಿದ್ದಳು. ಪಕ್ಕದ ಜಿಲ್ಲೆಯವನು, ಯಾರ ಸಾವು ಯಾರ ಮದುವೆ ಎಲ್ಲ ಕೇಳಿರಬಹುದಾದವನು. ಆದರೆ ಅವನಿಗೆ ಟೈರಿನ ಬೆಲೆಯ ವಿಷಯ ಬಿಟ್ಟು ಬೇರೆ ದುಃಖವಿರಲಿಲ್ಲ. ಅವಳು ನಡುನಡುವೆ ಮಾತು ಹಾಕಿ ಭಾವನನ್ನು ನಗಿಸಿದಳು. ಅವನ ಕಿವಿಯ ಬಗ್ಗೆ, ಅವನು ತಂದ ಭಾರದ ಚೀಲದ ಬಗ್ಗೆ, ಏಳು ವರ್ಷದ ಹಿಂದೆ ಮದುವೆಯ ದಿನ ಕುದುರೆಯಿಂದ ಜಾರಿ ಕೆಸರಿಗೆ ಬಿದ್ದದ್ದರ ಬಗ್ಗೆ. ಭಾವ ನಾದಿನಿ ಎಂದ ಮೇಲೆ ಕಿಚಾಯಿಸದೆ ಇರಲಾದೀತೇ, ಅದಕ್ಕೇ ಅಲ್ಲವೇ ಅವಳನ್ನು ಆರಿಸಿ ಕಳಿಸಿದ್ದು. "ನೀನು ಜೊತೆಗಿದ್ರೆ ಅವನಿಗೆ ಅನುಮಾನ ಬರಲ್ಲ. ನಗಿಸ್ತಾ ಕರ್ಕೊಂಡು ಬಾ," ಎಂದಿದ್ದ ಇಮಾನಾಲಿ. "ಊರ ಮುಂದಿನ ಸೇತುವೆ ಹತ್ತಿದ ತಕ್ಷಣ ನಂಗೊಂದು ಮಿಸ್ಡ್ ಕಾಲ್ ಕೊಡು. ಗಂಡಸ್ರು ಬಾಗಿಲಲ್ಲಿ ಸಾಲಾಗಿ ನಿಂತ್ಕೋತೀವಿ, ಹೆಂಗಸ್ರು ಒಳಗೆ ಗೋಡೆ ಕಡೆ ಮುಖ ಮಾಡಿ ಕೂತು ರಾಗ ಎಳೆದು ಅಳೋಕೆ ಶುರು ಮಾಡ್ತಾರೆ. ಒಂದು ಕ್ಷಣಾನೂ ಅವನು ಒಬ್ಬನೇ ನಿಂತಿರಬಾರದು." ಹೊರಡುವಾಗ ತಲಾಯ್‌ನ ಸೋದರತ್ತೆ ಸೊನುನ್ ಅವಳ ತಲೆಯ ಕಪ್ಪು ವಸ್ತ್ರ ಬಿಚ್ಚಿ, ಕೆಂಪು ಹೂವಿನದೊಂದನ್ನು ತಾನೇ ಕಟ್ಟಿದ್ದಳು. ಗಂಟು ಹಾಕುತ್ತಾ ಕಿವಿಯ ಹತ್ತಿರ ಬಾಯಿ ತಂದು, "ಚೆನ್ನಾಗಿ ಒಪ್ಪುತ್ತೆ ನಿಂಗೆ. ಅಕ್ಕನ ವರ್ಷದ ಊಟ ಆಗಲಿ. ಮನೆ ಖಾಲಿ ಬಿಡೋದು ಬೇಡ ಅಂತ ನಮ್ಮೋರೆಲ್ಲಾ ಮಾತಾಡ್ಕೊಂಡಿದೀವಿ. ಅಕ್ಕನ ಮನೆ ತಂಗಿಗೆ ಹೊಸದೇನಲ್ಲವಲ್ಲ," ಎಂದಿದ್ದಳು. ಬುರುಲ್ ಕನ್ನಡಿ ನೋಡಲಿಲ್ಲ. ಗಂಟು ಈಗಲೂ ಗಂಟಲನ್ನು ಒತ್ತುತ್ತಿತ್ತು.

"ಗಂಡ ಹೆಂಡ್ತಿ ಹೀಗೆ ನಗ್ತಾ ನಗ್ತಾ ಇದ್ರೆ ನೋಡೋಕೆ ಚೆಂದ," ಎಂದಳು ಮುದುಕಿ. "ಮಕ್ಕಳೆಷ್ಟು ತಾಯಿ?"

ಅಲ್ಲ ಎನ್ನಬೇಕಾದವನು ಮುಂದೆ ಕೂತವನು ಎಂದು ಬುರುಲ್ ಕಾದಳು. ಅವನೂ ಅವಳೇ ಹೇಳಲಿ ಎಂದು ಕಾದನೋ ಏನೋ. ಎರಡು ತಿರುವು ಕಳೆದ ಮೇಲೆ, "ಮಕ್ಕಳಿಲ್ಲ ಅಜ್ಜಿ," ಎಂದ ತಲಾಯ್. ಅದೊಂದನ್ನೇ. ಮುದುಕಿ ಅಂಗೈ ಬಿಚ್ಚಿ, ದೇವರು ಮಕ್ಕಳನ್ನು ಕೊಡಲಿ ಎಂದು ಹರಸಿ ಮುಖದ ಮೇಲೆ ಕೈ ಸವರಿಕೊಂಡಳು. ಹರಕೆಗೆ ಕೈ ಸವರಿಕೊಳ್ಳದಿರುವುದು ಹೇಗೆ? ಬುರುಲ್‌ಳೂ ಸವರಿಕೊಂಡಳು. ಅಕ್ಕನಿಗೆ ಬರಬೇಕಾಗಿದ್ದ ಹರಕೆಯನ್ನು ದಾರಿಯಲ್ಲೇ ಕದ್ದಂತೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಬೇರೆಯದೇ ಒಂದು ಬೆಚ್ಚಗೆ ಅಲುಗಿತು. ಅದಕ್ಕೆ ಹೆಸರಿಡಲು ಹೋಗದೆ ಅವಳು ಕಿಟಕಿಗೆ ಮುಖ ತಿರುಗಿಸಿದಳು.

ಕಿಟಕಿ. ಎಲ್ಲ ಕೆಟ್ಟದ್ದು ಅಲ್ಲಿಂದ. ಮೊದಮೊದಲು ಅವಳು ಅಕ್ಕನ ಹಾಗೆಯೇ ಬರೆದಳು. ಫೋನಿನಲ್ಲಿ ಅಕ್ಕನ ಹಳೆಯ ಸಾಲುಗಳಿದ್ದವು: ದುಡ್ಡು ಬಂತು. ಕೆಂಪು ಹಸು ಹಾಲು ಬಿಟ್ಟಿದೆ. ಛಾವಣಿ ಸೋರುತ್ತೆ. ಹುಷಾರು. ಅವಳೂ ಬರೆದಳು: ಹಿಮ ಬಿತ್ತು. ಹಸು ಚೆನ್ನಾಗಿದೆ. ಹುಷಾರು. ಅತ್ತಲಿಂದಲೂ ಅಷ್ಟೇ ಒಣಗಿದ ಉತ್ತರ. ಅವನಿದ್ದ ಜಾಗದಲ್ಲಿ ಸಂಜೆಯ ಹೊತ್ತು ಊಟದ ಮನೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅದೂ ಅಕ್ಷರ ಹೋಗುವಷ್ಟು. ಮುಖ ಕಾಣಿಸುವಷ್ಟಲ್ಲ, ದನಿ ಕೇಳಿಸುವಷ್ಟಲ್ಲ. ಹೀಗೇ ನಡೆದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಂದು ಸಂಜೆ ನಾರಿನ್‌ನಲ್ಲಿ ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಬಾಗಿಲೆಳೆಯುವ ಮೊದಲು, ಹೊರಗೆ ಬೀದಿಯಲ್ಲಿ ನರಪಿಳ್ಳೆಯೂ ಇಲ್ಲದಾಗ, ಅವಳ ಬೆರಳು ತಾನಾಗಿ ಬರೆಯಿತು: ನಿನ್ನ ಕಿಟಕೀಲಿ ಏನು ಕಾಣ್ಸುತ್ತೆ? ಅಕ್ಕನ ಹೆಸರಿನಲ್ಲಿ ಮಾತ್ರ ಅವನನ್ನು ನೀನು ಎನ್ನಬಹುದಿತ್ತು. ಅವನು ಏನೋ ಬರೆಯುತ್ತಿದ್ದಾನೆಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಬಹಳ ಹೊತ್ತಾದ ಮೇಲೆ ಬಂತು: ಒಂದು ದೀಪದ ಕಂಬ. ಅದರ ಕೆಳಗೆ ಒಂದು ನರಿ ಬರುತ್ತೆ. ಅಡುಗೆಯವನು ಮೂಳೆ ಹಾಕ್ತಾನೆ.

ಅಂದಿನಿಂದ ದಿನವೂ ನರಿ. ನರಿಗೆ ಒಂದು ಕಿವಿ ಹರಿದಿದೆ. ನರಿ ಇವತ್ತು ಅಡುಗೆಯವನ ಚಪ್ಪಲಿ ಕದ್ದಿತು. ನರಿಗೆ ಹೆಸರಿಡೋಣವೇ. ಅವಳು ಅಂಗಡಿಗೆ ಬಂದ ಗಿರಾಕಿಗಳ ಕಥೆ ಬರೆಯಲಾರಳು, ಅಕ್ಕ ಅಂಗಡಿಯಲ್ಲಿ ಇರುವವಳಲ್ಲವಲ್ಲ. ಅದಕ್ಕೆ ಹಸುವಿನ ಬಗ್ಗೆ, ಮಂಜಿನ ಬಗ್ಗೆ, ರಾತ್ರಿ ಒಲೆ ಆರುವಾಗ ಮಾಡುವ ಸಣ್ಣ ಸದ್ದಿನ ಬಗ್ಗೆ ಬರೆದಳು. ಹಸುವನ್ನು ನೋಡದೆ ಎಷ್ಟು ದಿನ ಬರೆಯುವುದು ಎಂದು ವಾರದ ರಜೆಗೆ ಅಕ್ಕನ ಮನೆಗೆ ಹೋಗಿ ಕೊಟ್ಟಿಗೆಯಲ್ಲಿ ನಿಂತು ನೋಡಿಕೊಂಡು ಬಂದಳು. ತಂಗಿಗೆ ಅಕ್ಕನ ನೆನಪು ಬಿಡುತ್ತಿಲ್ಲ ಎಂದು ಸೊನುನ್ ಅತ್ತೆ ಕಣ್ಣೊರೆಸಿಕೊಂಡಳು. ಅಕ್ಕ ಸತ್ತ ದಿನ ಬುರುಲ್ ಗೋಡೆಗೆ ಮುಖ ಮಾಡಿ ಕೂತು ಉಳಿದವರ ಜೊತೆ ದನಿ ಸೇರಿಸಿದ್ದಳೇ ಹೊರತು ಒಂದು ಹನಿ ಬಂದಿರಲಿಲ್ಲ. ಪಕ್ಕದವರು ನೋಡಿದರೇನೋ ಎಂಬ ಅಳುಕು ಇವತ್ತಿಗೂ ಇದೆ. ಆದರೆ ಚಳಿ ಮುಗಿಯುವ ಹೊತ್ತಿಗೆ ಒಂದು ಸಂಜೆ, ನರಿ ಬರಲಿಲ್ಲ, ಬರೋದಿಲ್ಲ ಅನ್ಸುತ್ತೆ, ಎಂದು ಅವನು ಬರೆದಾಗ, ಕೆಮ್ಮಿನ ಔಷಧಿಯ ಸಾಲಿನ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಡಹುಟ್ಟಿದವಳಿಗೆ ಬಾರದ ಕಣ್ಣೀರು ಕಾಣದ ನರಿಗೆ. ತಾನು ಎಂಥ ಹೆಂಗಸು? ಇದನ್ನು ಯಾರನ್ನು ಕೇಳುವುದು? ಕೇಳಬಹುದಾಗಿದ್ದವಳು ಅಕ್ಕ ಒಬ್ಬಳೇ.

ಕೊಚ್ಕೊರ್‌ನ ಹತ್ತಿರ ಶಾರ್ಶೆನ್ ಚಹಾಕ್ಕೆ ನಿಲ್ಲಿಸಿದ. ಹೊಗೆಯಲ್ಲಿ ಒಣಗಿಸಿದ ಮೀನನ್ನು ದಾರಿಯಲ್ಲಿ ಕೊಂಡಿದ್ದ ತಲಾಯ್, ಅದರ ಮುಳ್ಳು ತೆಗೆದು ರೊಟ್ಟಿಯ ತುಂಡಿನ ಮೇಲಿಟ್ಟು ಅವಳ ಕಡೆ ಸರಿಸಿದ. ಅಕ್ಕನಿಗೂ ಹೀಗೆ ತೆಗೆದು ಕೊಡುತ್ತಿದ್ದನೇ? ನೆನಪಾಗಲಿಲ್ಲ. ಅಕ್ಕ ಮೀನು ತಿನ್ನುತ್ತಿದ್ದಳೇ ಎಂಬುದೂ ನೆನಪಾಗಲಿಲ್ಲ; ಒಂದು ಚಳಿಗಾಲ ಅಕ್ಕನಾಗಿದ್ದು ಅವಳು ಅಕ್ಕನನ್ನು ಒಂದೊಂದಾಗಿ ಕಳೆದುಕೊಂಡಿದ್ದಳು.

"ಇವಳು ಈಗ ತುಂಬಾ ಬದಲಾಗಿದಾಳೆ ಕಣೇ, ನಿಮ್ಮಕ್ಕ," ಎಂದ ತಲಾಯ್, ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ. "ಫೋನಲ್ಲಿ ಬರೀತಾಳೆ ನೋಡು, ಎಂಥೆಂಥಾ ಮಾತು. ಒಲೆ ಆರೋ ಸದ್ದು ಅಂತೆ."

"ವಯಸ್ಸಾಯ್ತಲ್ಲ ಭಾವ. ಅರಳುಮರಳು."

ಅವನು ನಗಲಿಲ್ಲ. ಬೆಳಗಿನಿಂದ ಮೊದಲ ಸಲ. ಬುರುಲ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ನಿಜ ಹೇಳಿಬಿಡಲೇ? ಹೇಳಿದರೆ ಏನನ್ನು ಹೇಳುವುದು: ಅಕ್ಕ ಸತ್ತಳು ಎಂದೇ, ಅಥವಾ ನಿನಗೆ ಇಷ್ಟವಾದವಳು ಬದುಕಿದ್ದಾಳೆ ಎಂದೇ? ಒಂದು ಬಾಯಲ್ಲಿ ಎರಡನ್ನೂ ಹೇಗೆ ಆಡುವುದು? ಇನ್ನು ಸಂಜೆಯ ಹೊತ್ತಿಗೆ ಅವನಿಗೆ ಎಲ್ಲ ಗೊತ್ತಾಗುತ್ತದೆ. ಹೆಂಡತಿ ಸತ್ತ ಮೇಲೂ ಬರೆದವರು ಯಾರು ಎಂದು ಅವನು ಕೇಳದಿರುತ್ತಾನೆಯೇ? ಅವನು ಅಸಹ್ಯಪಟ್ಟುಕೊಂಡರೆ ಆ ಮುಖವನ್ನು ತಾನು ತಡೆಯಲಾರಳು. ಅಸಹ್ಯಪಡದಿದ್ದರೆ ಅದು ಇನ್ನೂ ಭಯ. ಸೊನುನ್ ಅತ್ತೆಯ ಲೆಕ್ಕ ಸರಿಹೋಗುತ್ತದೆ. ಚಳಿಗಾಲವೆಲ್ಲ ತನ್ನದೆಂದು ಬಚ್ಚಿಟ್ಟುಕೊಂಡದ್ದು ಊರವರು ಸೇರಿ ಕಟ್ಟಿದ ತಲೆವಸ್ತ್ರದಂತೆ ಆಗುತ್ತದೆ.

ಘಟ್ಟ ಹತ್ತಿದರು. ಮೇಲೆ ಇನ್ನೂ ಹಿಮವಿತ್ತು. ಇಳಿಜಾರಿನಲ್ಲಿ ಎಲ್ಲೋ ನೆಟ್‌ವರ್ಕ್ ಮರಳಿದ್ದೇ ತಡ, ಅವಳ ತೊಡೆಯ ಮೇಲಿದ್ದ ಚೀಲ ಗುರ್ರೆಂದಿತು.

"ನಿನ್ನ ಚೀಲ ನಡುಗ್ತಾ ಇದೆ ಮಗಳೇ," ಎಂದಳು ಮುದುಕಿ.

ಅಕ್ಕನ ಫೋನು. ಬುರುಲ್ ಚೀಲದ ಬಾಯಿಯಲ್ಲೇ ಅದನ್ನು ಓದಿದಳು. ತಲಾಯ್ ಬರೆದಿದ್ದ: ಘಟ್ಟ ದಾಟಿದೆವು. ಮುಂದಿನ ಸೀಟಿನಲ್ಲಿ ಅವನು ತಲೆ ಬಗ್ಗಿಸಿ ಕೂತಿದ್ದ. ಕತ್ತಿನ ಹಿಂದೆ ಕ್ಷೌರದವನು ಅಡ್ಡಾದಿಡ್ಡಿ ಕತ್ತರಿಸಿದ ಕೂದಲು ಕಾಣುತ್ತಿತ್ತು. ಉತ್ತರ ಕೊಡಬಾರದು. ಎಷ್ಟು ಹೊತ್ತಿನ ಮಾತು, ಹಾಗೇ ಬಿಟ್ಟುಬಿಡಬೇಕು. ಬಿಡಬೇಕೆಂದುಕೊಳ್ಳುತ್ತಿರುವಾಗಲೇ ಹೆಬ್ಬೆರಳು ಬರೆದು ಕಳಿಸಿಯಾಗಿತ್ತು: ಕಿಟಕೀಲಿ ಏನು ಕಾಣ್ಸುತ್ತೆ? ಅವನ ಹೆಗಲು ಅಲುಗಿತು. ಬರೆದ, ನಿಲ್ಲಿಸಿದ, ಬರೆದ. ಮತ್ತೆ ಚೀಲ ನಡುಗಿತು. ಹಿಮ ಕರಗಿ ರಸ್ತೆ ಮೇಲೆ ನೀರು ಹರೀತಾ ಇದೆ. ಒಂದು ಕುದುರೆ ಮರಿ ನಿಂತಿದೆ. ಹಿಂದೆ ಬುರುಲ್ ನಿದ್ದೆ ಮಾಡ್ತಾ ಇದಾಳೆ.

ಅವಳು ಕಣ್ಣು ಬಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಮುಂದಿನ ಕನ್ನಡಿಯಲ್ಲಿ ಶಾರ್ಶೆನ್‌ನ ಮೀಸೆ ಮಾತ್ರ ಕಾಣುತ್ತಿತ್ತು. ಭಾವ ತಿರುಗಿ ನೋಡಿದ್ದನೇ? ನೋಡದೆಯೇ ಬರೆದನೇ? ನೋಡಿ, ಎಚ್ಚರವಿರುವುದನ್ನು ಕಂಡು, ಆಮೇಲೆ ಬರೆದನೇ? ಅವಳು ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಕೊನೆಗೆ, ಹೇಡಿಯಂತೆ, ಕಣ್ಣು ಮುಚ್ಚಿಕೊಂಡು ಕೂತಳು. ಅವನು ಬರೆದದ್ದಾದರೂ ನಿಜವಾಗಲಿ.

ನಾರಿನ್‌ನಲ್ಲಿ ಮುದುಕಿ ಇಳಿದಳು. ಇಳಿಯುವಾಗ ಇನ್ನೊಮ್ಮೆ ಹರಸಿದಳು. ಆಮೇಲೆ ಶಾರ್ಶೆನ್ ಕಾರಿನಲ್ಲಿ ಹಾಡು ಹಾಕಿದ. ಬುರುಲ್ ನಗಿಸಲು ಹುಡುಕಿದಳು, ಹಿಮಕರಡಿಯನ್ನು ಮತ್ತೆ ಎಳೆದು ತಂದಳು, "ಹೂಂ," ಎಂದ ತಲಾಯ್, ಅಷ್ಟೇ. ಬೆಟ್ಟಗಳ ನೆರಳು ರಸ್ತೆಗೆ ಬಿದ್ದಿತ್ತು. ಊರು ಹತ್ತಿರವಾಯಿತು, ಹೊಳೆ ಕಂಡಿತು, ಹೊಳೆಯ ಈಚೆ ದಿಬ್ಬದ ಮೇಲೆ ಊರಿನ ಗೋರಿಗಳು ಕಂಡವು. ಹಳೆಯ ಮಣ್ಣಿನ ಗೋರಿಗಳ ಪಕ್ಕದಲ್ಲಿ ಹೊಸ ಮಣ್ಣಿನದೊಂದು, ಇನ್ನೂ ಹುಲ್ಲು ಹಿಡಿಯದ್ದು. ಗೋರಿಗಳ ಮುಂದೆ ಹೋಗುವ ಯಾವ ಗಾಡಿಯವರೂ ಮಾಡುವಂತೆ ಶಾರ್ಶೆನ್ ಸ್ಟಿಯರಿಂಗ್ ಬಿಟ್ಟು ಮುಖದ ಮೇಲೆ ಎರಡೂ ಕೈ ಸವರಿಕೊಂಡ. ಬುರುಲ್ ಸವರಿಕೊಂಡಳು. ತಲಾಯ್‌ನೂ ಕೈ ಎತ್ತಿದ. ಅವನ ಕೈಗಳು ಮುಖದಿಂದ ಕೆಳಗೆ ಬರಲಿಲ್ಲ. ದಿಬ್ಬ ಹಿಂದೆ ಸರಿಯುವವರೆಗೂ ಹಾಗೆಯೇ ಇದ್ದವು.

ಸೇತುವೆಯ ಹಲಗೆಗಳು ಗಾಲಿಯ ಕೆಳಗೆ ಗಡಗಡ ಎಂದವು. ಈಗ, ಈಗ ಕರೆ ಮಾಡಬೇಕು. ಅವಳು ಆ ಕೈಗಳನ್ನೇ ನೋಡುತ್ತಾ ಚೀಲದೊಳಗೆ ಕೈ ಹಾಕಿ, ಸಿಕ್ಕ ಫೋನಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಒತ್ತಿದಳು.

ಮುಂದಿನ ಸೀಟಿನಲ್ಲಿ ಫೋನು ಹೊಡೆದುಕೊಂಡಿತು.

ಬುರುಲ್ ತನ್ನ ಕೈ ನೋಡಿಕೊಂಡಳು. ಕೈಯಲ್ಲಿದ್ದದ್ದು ಅಕ್ಕನ ಫೋನು. ಇಮಾನಾಲಿಯ ಹೆಸರಿದ್ದದ್ದು ತನ್ನ ಫೋನಿನಲ್ಲಿ, ಚೀಲದ ತಳದಲ್ಲಿ. ತಲಾಯ್‌ನ ಅಂಗೈಯಲ್ಲಿ ಅಕ್ಕನ ಚಿತ್ರ ಬೆಳಗುತ್ತಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಅಕ್ಕ, ಕೈಯಲ್ಲಿ ಬಕೆಟ್.

"ಯಜಮಾನ್ತಿಗೆ ಅವಸರ," ಎಂದು ನಕ್ಕ ಶಾರ್ಶೆನ್. "ತಗೊಳಪ್ಪ, ಬೈಸ್ಕೋಬೇಡ."

ನಿಲ್ಲಿಸಲು ಒಂದು ಬೆರಳು ಸಾಕಿತ್ತು. ಆ ಬೆರಳು ಏಳಲಿಲ್ಲ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ತಲಾಯ್ ಅದನ್ನು ನಿಧಾನಕ್ಕೆ ಕಿವಿಗಿಟ್ಟುಕೊಂಡ. ಹಿಂದಕ್ಕೆ ತಿರುಗಲಿಲ್ಲ. ಅವಳೂ ಅಕ್ಕನ ಫೋನನ್ನು ಕಿವಿಗಿಟ್ಟುಕೊಂಡಳು.

"ಹೇಳು," ಎಂದ. ಆ ದನಿ ಅವಳಿಗೆ ಮುಂದಿನ ಸೀಟಿನಿಂದ ಒಮ್ಮೆ, ಚೂರು ತಡವಾಗಿ ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು. ಫೋನಿನೊಳಗಿನವನೇ ಅವಳಿಗೆ ಹೆಚ್ಚು ಪರಿಚಿತ. ಅವನಿಗೆ ಅವಳು ಉತ್ತರ ಕೊಟ್ಟಳು.

"ಭಾವ," ಎಂದಳು ಫೋನಿನೊಳಗೆ. "ಅಕ್ಕ ಇಲ್ಲ. ಆಲೂಗಡ್ಡೆ ಅಗೆಯೋ ಹೊತ್ತಲ್ಲೇ ಹೋದ್ಲು. ಆಮೇಲೆ ಬರೆದಿದ್ದೆಲ್ಲಾ ನಾನು."

ಶಾರ್ಶೆನ್ ಕೈ ಚಾಚಿ ಹಾಡು ನಿಲ್ಲಿಸಿದ. ಗಾಡಿಯ ವೇಗ ತಾನಾಗಿ ಕಡಿಮೆಯಾಯಿತು. ತಲಾಯ್ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಉಲ್ಕಾನ್ ಏಳು ವರ್ಷದಲ್ಲಿ ಒಂದು ದಿನಾನೂ ನನ್ನ ಕಿಟಕೀಲಿ ಏನಿದೆ ಅಂತ ಕೇಳಿದೋಳಲ್ಲ ಬುರುಲ್."

"ಹಾಗಾದ್ರೆ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತ ಹೇಳೋಕಾಗಲ್ಲ. ಯಾರೂ ಹೇಳಿರಲಿಲ್ಲವಲ್ಲ. ಹೇಳೋ ತನಕ ಅಳೋ ಹಾಗಿಲ್ಲ. ಅವಳಿಗೆ ಏನೋ ಆಗಿದೆ ಅನ್ನಿಸ್ತು. ಕೇಳಬೇಕಿತ್ತು. ಕೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನರಿ ವಿಷಯ ಆಮೇಲೆ ಯಾರಿಗೆ ಹೇಳ್ಲಿ? ಅದಕ್ಕೇ ಕೇಳಲಿಲ್ಲ. ನೋಡು, ಎಂಥಾ ಮನುಷ್ಯ ನಾನು."

ಅವಳಿಗೆ ಸಂತೋಷವಾಯಿತೇ? ಆಯಿತು. ಆದದ್ದು ಅಕ್ಕನ ಫೋನು ಹಿಡಿದ ಕೈಯನ್ನು ಸುಟ್ಟಿತು. ಮುಂದೆ ಇಷ್ಟು ಹತ್ತಿರದಲ್ಲಿ ಅವನ ಅಗಲ ಕಿವಿ, ಅಡ್ಡಾದಿಡ್ಡಿ ಕೂದಲು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಗಾಡಿ ಮನೆಯ ಮುಂದೆ ನಿಂತಿತು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಒಳಗಿನಿಂದ ಎಣ್ಣೆಯ ವಾಸನೆ, ಹೆಂಗಸರು ಏನೋ ಹೇಳಿಕೊಂಡು ನಗುತ್ತಿರುವ ಸದ್ದು. ಇಮಾನಾಲಿ ಬನಿಯನ್ನಿನಲ್ಲಿ ಮರದ ಕೊರಡೊಂದನ್ನು ಸೀಳುತ್ತಾ ಬೆನ್ನು ಹಾಕಿ ನಿಂತಿದ್ದ. ತಲಾಯ್ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದ. ಆಮೇಲೆ ಅವನ ಎದೆಯಿಂದ ಗಂಡಸರು ಸಾವಿನ ಮನೆಗೆ ಹೋಗುವಾಗ ಹಾಕುವ ಆ ಕೂಗು ಹೊರಟಿತು, ಉಲ್ಕಾನ್, ನನ್ನ ಉಲ್ಕಾನ್ ಎಂದು. ಕೂಗುತ್ತಾ ಅವನು ಒಬ್ಬನೇ ಖಾಲಿ ಬಾಗಿಲ ಕಡೆಗೆ ಓಡಿದ. ಹಿಡಿದುಕೊಳ್ಳಲು ಒಂದು ಕೈಯೂ ಇರಲಿಲ್ಲ. ಬುರುಲ್ ಕೆಂಪು ತಲೆವಸ್ತ್ರವನ್ನು ಗಂಟಲಿನಿಂದ ಕಿತ್ತಳು. ಮನೆಯ ಹೊರಗೋಡೆಯೇ ಹತ್ತಿರವಿತ್ತು. ಅದಕ್ಕೆ ಮುಖ ಆನಿಸಿ ಬಾಯಿ ತೆರೆದಳು. ಅಕ್ಕಾ ಎಂಬ ದನಿ ಹೊಟ್ಟೆಯಿಂದ ಎದ್ದು ಬಂತು. ಕಲಿತ ರಾಗ, ಹೇಳಬೇಕಾದ ಮಾತು ಯಾವುದೂ ಅದರಲ್ಲಿ ಇರಲಿಲ್ಲ. ಗೋಡೆಯ ಸುಣ್ಣ ಒದ್ದೆಯಾಗಿ ತುಟಿಗೆ ಹತ್ತಿತು. ಒಳಗೆ ನಗು ತುಂಡಾಯಿತು, ಪಾತ್ರೆಯೊಂದು ಬಿತ್ತು, ಆಮೇಲೆ ಒಂದೊಂದಾಗಿ ಹೆಂಗಸರ ದನಿಗಳು ಅವಳ ದನಿಯ ಹಿಂದೆ ಬಂದು ಸೇರಿಕೊಂಡವು.

ಇಮಾನಾಲಿ ಕೊಡಲಿ ಬಿಸಾಕಿ ಓಡಿ ಹೋಗಿ ತಲಾಯ್‌ನನ್ನು ಅಪ್ಪಿಕೊಂಡು ತಾನೂ ಅತ್ತ. ಊರವರು ಸೇರಿ ಅವನನ್ನು ಒಳಗೆ ಕರೆದೊಯ್ದ ಮೇಲೆ, ಬನಿಯನ್ನಿನ ಅಂಚಿನಿಂದ ಮುಖ ಒರೆಸಿಕೊಳ್ಳುತ್ತಾ ಗೋಡೆಯ ಹತ್ತಿರ ಬಂದ. ಬುರುಲ್ ಇನ್ನೂ ಅಲ್ಲೇ ಇದ್ದಳು.

"ಎಂಥಾ ಕೆಲಸ ಮಾಡ್ದೆ ಹುಡುಗಿ," ಎಂದ. "ಅವನೊಬ್ನೇ ಓಡಿ ಬರೋ ಹಾಗಾಯ್ತಲ್ಲ. ಸೇತುವೆ ಹತ್ರ ಒಂದು ಕರೆ ಮಾಡು ಅಂತ ಅಷ್ಟು ಹೇಳಿರ್ಲಿಲ್ವಾ?"

"ಮಾಡಿದೆ ದೊಡ್ಡಪ್ಪ," ಎಂದಳು ಬುರುಲ್.